ಬೆಳಗಾವಿ ಸೀಮೆಯ ಮಲ್ಲವಿದ್ಯೆ ಮತ್ತು ಹಿಂದ್ ಕೇಸರಿ ಶ್ರೀಪತಿ ಖಂಚನಾಳೆ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲ್ಲೂಕಿಗೆ ಸೇರಿದ ಎಕ್ಸಂಬಾ ಗ್ರಾಮದಲ್ಲಿ 1934ನೆಯ ಇಸವಿಯ ಡಿಸೆಂಬರ್ 10ರಂದು ಜನಿಸಿ, ಕೊಲ್ಲಾಪುರದ ಶಾಹೂಪುರಿ ತಾಲೀಮಿನ, ಎಂದರೆ ಗರಡಿಯ, ಮಣ್ಣಿನಲ್ಲಿ ಪಳಗಿ, 1959ರಲ್ಲಿ ದಿಲ್ಲಿಯ ಕಣದಲ್ಲಿ ಪಂಜಾಬದ ಬಂತಾಸಿಂಗರನ್ನು ಸೋಲಿಸಿ, ಭಾರತೀಯ ಪದ್ಧತಿಯ ಕುಸ್ತಿಯಲ್ಲಿ ಅತ್ಯುನ್ನತವೆಂದು ಪರಿಗಣಿತವಾದ ‘ಹಿಂದ್ ಕೇಸರಿ’ ಬಿರುದನ್ನು ಮೊತ್ತಮೊದಲಿಗೆ ಧರಿಸಿದ ಮಲ್ಲ ಶ್ರೀಪತಿ ಖಂಚನಾಳೆ. 2020ರ ಡಿಸೆಂಬರ್ 14ರಂದು, ತಮ್ಮ ಎಂಬತ್ತಾರನೆಯ ಜನ್ಮದಿನವು ಕಳೆದು ನಾಲ್ಕು ದಿನಗಳಾಗಿದ್ದಾಗ, ಕೊಲ್ಲಾಪುರದಲ್ಲಿ ಅವರು ನಿಧನ ಹೊಂದಿದರು. ಹುಟ್ಟಿದ ನೆಲ ಕರ್ನಾಟಕದ್ದು, ಸಾಧನೆಗೆ ಆಶ್ರಯವಿತ್ತ ನೆಲ ಮಹಾರಾಷ್ಟ್ರದ್ದು, ದೊರೆತ ಬಿರುದು ಸಮಸ್ತ ಹಿಂದುಸ್ಥಾನದ್ದು. ಆದಕಾರಣ ಅವರ ಜೀವನವೃತ್ತಾಂತವನ್ನು ಬೆಳಗಾವಿ, ಖಾನಾಪುರ, ಚಿಕ್ಕೋಡಿಗಳನ್ನೊಳಗೊಂಡ ಈ ಗಡಿಸೀಮೆಯ ಮಲ್ಲವಿದ್ಯೆಯ ಇತಿಹಾಸದಿಂದ ಬೇರ್ಪಡಿಸಿ ನೋಡುವುದು ಸಾಧ್ಯವೂ ಅಲ್ಲ, ಉಚಿತವೂ ಅಲ್ಲ. ಮಲ್ಲರನ್ನೂ ಪ್ರೇಕ್ಷಕರನ್ನೂ ಈ ಸೀಮೆಯು ತಲೆತಲಾಂತರದಿಂದ ಧಾರಾಳವಾಗಿ ಒದಗಿಸಿತು. ಮಲ್ಲನಿಗೆ ಅನ್ನವಿಕ್ಕಿ ಬಿರುದು ಕಟ್ಟತಕ್ಕ ಪೋಷಕರು ಮಾತ್ರ ಬಹುಕಾಲ ಇದರ ಎಲ್ಲೆಯಾಚೆಯೇ ಇದ್ದರು.

ಕನ್ನಡನಾಡಿನಲ್ಲಿ ಮಲ್ಲವಿದ್ಯೆಗೆ ಶಾಸ್ತ್ರದ ಪದವಿಯು ಪ್ರಾಪ್ತವಾದದ್ದು ಇತ್ತೀಚೆಗಲ್ಲ. ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಬೃಹತ್ ಗ್ರಂಥದಲ್ಲಿ ಮಲ್ಲವಿನೋದಕ್ಕೇ ಮೀಸಲಾದ ಪ್ರಕರಣವೊಂದಿದ್ದು, ಅದರಲ್ಲಿ ಮಲ್ಲರನ್ನು ಜ್ಯೇಷ್ಠಿಕ, ಅಂತರ್ಜ್ಯೇಷ್ಠಿಕ, ಗೋವಲ ಎಂದು ಅವರ ದೇಹಪ್ರಮಾಣ, ಬಲ, ನೈಪುಣ್ಯಗಳಿಗೆ ಅನುಸಾರವಾಗಿ ವಿಂಗಡಿಸಿ, ಪ್ರತಿಯೊಬ್ಬನಿಗೂ ಅರಸನ ಉಗ್ರಾಣದಿಂದ ಸಲ್ಲತಕ್ಕ ಆಹಾರವನ್ನು ಗೊತ್ತುಪಡಿಸಿ, ಭಾರವೆತ್ತುವ ಭಾರಶ್ರಮ, ನಡಿಗೆಯ ಭ್ರಮಣಶ್ರಮ, ಈಜಿನ ಸಲಿಲಶ್ರಮ, ಕಂಬವನ್ನಾಶ್ರಯಿಸಿದ ಸ್ತಂಭಶ್ರಮ ಮೊದಲಾದ ಸಾಧನೆಗಳನ್ನು ವಿವರಿಸಲಾಗಿದೆ. ಮಲ್ಲನು ಅರಸನ ಅನ್ನದಿಂದ ಬೆಳೆಯತಕ್ಕವನು ಎಂಬ ಭಾವನೆಯು ಆ ಗ್ರಂಥದಲ್ಲಿ ಎಲ್ಲೆಡೆಯೂ ಗೃಹೀತವಾಗಿದೆ. ಎಂಟು ನೂರು ವರ್ಷಗಳ ತರುವಾಯ ಕೊಲ್ಲಾಪುರದ ಅರಸರ ಆಶ್ರಯದಲ್ಲಿ ನಡೆದದ್ದೂ ಅದೇ. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ತುಗೀಜ ಪ್ರವಾಸಿ ದೊಮಿಂಗೊ ಪಾಯಸ್, ಕೃಷ್ಣದೇವರಾಯನು ಪ್ರತಿದಿನ ಬೆಳಕು ಹರಿಯುವ ಮೊದಲೇ ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಎಣ್ಣೆ ತಿಕ್ಕಿಸಿಕೊಂಡು, ಭಾರವೆತ್ತಿ, ಕತ್ತಿವರಸೆ ಮಾಡಿ, ಬೆವರೊಡನೆ ಎಣ್ಣೆಯೆಲ್ಲ ಇಳಿದ ಮೇಲೆ ತನ್ನ ಮಲ್ಲನೊಬ್ಬನೊಡನೆ ಸೆಣಸುತ್ತಿದ್ದನೆಂದು ಬರೆದಿದ್ದಾನೆ. ದಕ್ಷಿಣದ ಮೈಸೂರಿನಲ್ಲಿ ಜಟ್ಟಿಗಳು ದಸರೆಯ ಕಾಲದಲ್ಲಿ ವಜ್ರಮುಷ್ಟಿ ಕಾಳಗವನ್ನು ನಡೆಸಿಕೊಂಡು ಬಂದಂತೆ, ಉತ್ತರದ ಈ ಸೀಮೆಯಲ್ಲಿ ಊರೂರಿನ ಗರಡಿಗಳು ಯಾವೊಂದು ಜಾತಿಗೂ ಮೀಸಲಾಗದೆ ರೈತಾಪಿ ಜನರ ವಿದ್ಯಾಲಯಗಳಾಗಿ ಉಳಿದುಬಂದವು.

ಖಾನಾಪುರ ತಾಲ್ಲೂಕಿನ ಹೆಸರು ಈ ಇತಿಹಾಸದಲ್ಲಿ ಬೇರೊಂದು ದಾರಿಯಿಂದ ಪ್ರವೇಶಿಸುತ್ತದೆ. ಕಿತ್ತೂರು ಸಂಸ್ಥಾನದ ವೀರನಾದ ಸಂಗೊಳ್ಳಿ ರಾಯಣ್ಣನನ್ನು ಬ್ರಿಟಿಷರು ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು, ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ. ಅಲ್ಲಿಯ ಸಮಾಧಿಯ ಬಳಿಯ ಆಲದ ಮರವು ಇಂದಿಗೂ ಜನರ ಹರಕೆಯ ಸ್ಥಾನವಾಗಿದೆ. ಅವನ ಹುಟ್ಟೂರಾದ ಸಂಗೊಳ್ಳಿಯ ಚಿಕ್ಕ ಗುಡಿಯಲ್ಲಿ ರಾಯಣ್ಣನ ಮೂರ್ತಿಯ ಎರಡು ಪಕ್ಕಗಳಲ್ಲಿಯೂ ಅಂಗಸಾಧನೆಯ ಮರದ ಭಾರಗಳನ್ನು ಇರಿಸಿದ್ದು, ಅವುಗಳಲ್ಲೊಂದು ಸ್ವತಃ ಅವನೇ ಎತ್ತಿ ಸಾಮು ಮಾಡಿದ್ದೆಂದು ಜನ ನಂಬುತ್ತಾರೆ. ಯೋಧನೊಬ್ಬನ ಮೂರ್ತಿಯ ಇಕ್ಕೆಲದಲ್ಲಿ ಗರಡಿಯ ಭಾರಗಳನ್ನು ನಿಲ್ಲಿಸಿ ಪೂಜಿಸುವ ಜನಕ್ಕೆ ತಾಲೀಮು ಎಂಬುದು ಕೇವಲ ಆಟವಾಗಿರಲಿಲ್ಲವೆಂಬುದನ್ನು ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ.

ಗರಡಿಯ ಪ್ರಾಣವೆಂದರೆ ಅದರ ಮಣ್ಣು. ಕಲ್ಲು ಕಸಗಳಿಲ್ಲದಂತೆ ಜರಡಿ ಹಿಡಿದ ನಯವಾದ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆರಸ, ಕರ್ಪೂರ ಇತ್ಯಾದಿಗಳನ್ನು ಬೆರೆಸಿ, ದಿನದಿನವೂ ಸಲಿಕೆಯಿಂದ ಅಗೆದು ಮೇಲೆ ಕೆಳಗೆ ಮಾಡಿ ಹದಗೊಳಿಸಿದ ‘ಮಟ್ಟಿ’ಯು ಬಿದ್ದವನ ಮೂಳೆಯನ್ನು ಕಾಯುವಷ್ಟು ಮೆತ್ತಗೂ, ಕಾಲೂರಿ ನಿಲ್ಲುವವನ ಹೆಜ್ಜೆ ಜಾರದಷ್ಟು ಬಿಗಿಯಾಗಿಯೂ ಇರಬೇಕು, ತೇವ ಹೆಚ್ಚಾದರೆ ಮೈಗೆ ಮೆತ್ತಿಕೊಂಡು ಹಿಡಿತ ಜಾರುತ್ತದೆ, ಒಣಗಿದರೆ ಧೂಳೆದ್ದು ಉಸಿರು ಕಟ್ಟುತ್ತದೆ. ಈ ಮಣ್ಣನ್ನು ಅಗೆಯುವ ಕೆಲಸವನ್ನು ಕೂಲಿಯಾಳಿಗೆ ಬಿಡದೆ ಎಳೆಯ ಹುಡುಗರ ಪಾಲಿಗೇ ಹಾಕುವುದು ರೂಢಿ, ಏಕೆಂದರೆ ಹೆಗಲು, ಸೊಂಟ, ಮುಂಗೈಗಳಿಗೆ ಇದಕ್ಕಿಂತ ಒಳ್ಳೆಯ ವ್ಯಾಯಾಮವನ್ನು ಯಾವ ವಸ್ತಾದನೂ, ಎಂದರೆ ಗರಡಿಯ ಗುರುವೂ, ಕಂಡುಹಿಡಿದಿಲ್ಲ. ಒಂದು ಮೂಲೆಯಲ್ಲಿ ಹನುಮಂತನ ಗೂಡು. ಗೋಡೆಗೆ ಒರಗಿಸಿದ ಗದೆ, ಕರ್ಲಾಕಟ್ಟೆಗಳು. ಮೇಲುಗಡೆ ಹಳೆಯ ಪೈಲ್ವಾನರ ಮಸುಕಾದ ಭಾವಚಿತ್ರಗಳು. ಹೊತ್ತು ಮೂಡುವ ಮೊದಲೇ ನೂರುಗಟ್ಟಲೆ ದಂಡ, ಬೈಠಕ್ಕುಗಳು, ಆಮೇಲೆ ಲಂಗೋಟ ಬಿಗಿದು ‘ಜೋರು’ ಎಂದು ಕರೆಯುವ ಪರಸ್ಪರ ಅಭ್ಯಾಸ. ಹಾಲು, ತುಪ್ಪ, ಅರೆದ ಬದಾಮಿಯ ಥಂಡಾಯಿ, ರೊಟ್ಟಿ, ಮಾಂಸಗಳ ಖುರಾಕು. ಈ ಖುರಾಕಿನ ಖರ್ಚೇ ರೈತನ ಮಗನಿಗೆ ಎಂದೆಂದಿಗೂ ದೊಡ್ಡ ತೊಡಕು. ಪ್ರಾಯ ತುಂಬಿದ ಪೈಲ್ವಾನನೊಬ್ಬನನ್ನು ಸಾಕುವುದೆಂದರೆ ಹೆಚ್ಚಿನ ಮನೆಗಳಲ್ಲಿ ಒಂದು ಎಮ್ಮೆಯ ಹಾಲನ್ನು ಪೂರ್ತಿ ಅವನಿಗೇ ಬಿಟ್ಟುಕೊಟ್ಟು ಉಳಿದವರು ಮಜ್ಜಿಗೆಯಲ್ಲಿ ತೃಪ್ತಿಪಡುವುದು ಎಂದೇ ಅರ್ಥ.

ಜೋರಿನಲ್ಲಿ ಎದುರಿಗೆ ನಿಲ್ಲುವ ಜೋಡಿದಾರನ ವಿಷಯವನ್ನು ಇಲ್ಲಿಯೇ ಹೇಳುವುದು ಯುಕ್ತ. ಮೈದಾನದಲ್ಲಿ ಹೆಸರು ಮಾಡಿದ ಪ್ರತಿಯೊಬ್ಬ ಮಲ್ಲನ ಹಿಂದೆ, ವರ್ಷಾನುಗಟ್ಟಲೆ ಬೆಳಗು ಸಂಜೆ ಅವನ ಭಾರವನ್ನು ತಡೆದು, ಅವನ ಪಟ್ಟುಗಳಿಗೆ ಮೈಯೊಡ್ಡಿ ಬಿದ್ದು, ಎದ್ದು, ಮತ್ತೆ ನಿಂತ ಇಬ್ಬರು ಮೂವರು ಜೋಡಿದಾರರಿರುತ್ತಾರೆ. ಇವರ ಹೆಸರು ಭಿತ್ತಿಪತ್ರದ ಮೇಲೆ ಬರುವುದಿಲ್ಲ, ಬಹುಮಾನದಲ್ಲಿ ಇವರಿಗೆ ಪಾಲಿಲ್ಲ. ಆದರೆ ಯಾವ ತಾಲೀಮಿನಲ್ಲಿ ಗಟ್ಟಿ ಜೋಡಿದಾರರಿಲ್ಲವೋ ಆ ತಾಲೀಮಿನಿಂದ ದೊಡ್ಡ ಪೈಲ್ವಾನನು ಹೊರಬರುವುದಿಲ್ಲವೆಂಬುದನ್ನು ಗರಡಿಯ ಜನರೆಲ್ಲರೂ ಬಲ್ಲರು. ಎಳೆಯರು ಹಳ್ಳಿಯನ್ನು ಬಿಟ್ಟು ಪಟ್ಟಣದ ತಾಲೀಮಿಗೆ ಹೋಗುತ್ತಿದ್ದುದರ ಒಂದು ಮುಖ್ಯ ಕಾರಣವೂ ಇದೇ: ತನ್ನೂರಿನಲ್ಲಿ ತನ್ನ ತೂಕದ ಜೋಡಿ ಸಿಕ್ಕದವನು ಎಷ್ಟು ಬೈಠಕ್ಕು ಹೊಡೆದರೂ ಬಲವು ಕೂಡೀತೇ ಹೊರತು ವಿದ್ಯೆಯು ಕೂಡಲಾರದು.

ಸುಗ್ಗಿ ಮುಗಿದ ಬಳಿಕ ಮಳೆಗಾಲ ಹಿಡಿಯುವ ತನಕ ಬೆಳಗಾವಿ ಖಾನಾಪುರಗಳ ಸುತ್ತಣ ಹಳ್ಳಿಗಳಲ್ಲಿ ಜಾತ್ರೆಯ ಅಂಗವಾಗಿ ಕುಸ್ತಿಯ ಮೈದಾನಗಳು ನೆರೆಯುತ್ತವೆ. ಖಾನಾಪುರದ ಪಡುವಣ ಭಾಗದಲ್ಲಿ ಮಲಪ್ರಭೆಯು ಹುಟ್ಟುವ ಕಣಕುಂಬಿಯ ಸುತ್ತ ಮಳೆಯು ವಿಪರೀತವಾದ್ದರಿಂದ ಅಲ್ಲಿಯ ಮಲ್ಲನಿಗೆ ಬಯಲು ಕಣದ ಕಾಲವು ಮತ್ತಷ್ಟು ಮೊಟಕು. ಭತ್ತ ಕೊಯ್ದ ಗದ್ದೆಯನ್ನು ಸಮಮಾಡಿ, ನಡುವೆ ಕೆಮ್ಮಣ್ಣು ಸುರಿದು, ಸುತ್ತಲೂ ಹಗ್ಗ ಕಟ್ಟಿದರೆ ಮೈದಾನ ಸಿದ್ಧ. ವಾರಗಳ ಮುಂಚೆಯೇ ಪೇಟೆಯ ಗೋಡೆಗಳಿಗೆ ಅಂಟಿಸಿದ ಭಿತ್ತಿಪತ್ರಗಳಲ್ಲಿ ‘ಒಂದನೆಯ ನಂಬರಿನ ಕುಸ್ತಿ’, ‘ಎರಡನೆಯ ನಂಬರಿನ ಕುಸ್ತಿ’ ಎಂದು ಮಲ್ಲರ ಚಿತ್ರಗಳೊಡನೆ ಅವರ ಊರು, ತಾಲೀಮು, ವಸ್ತಾದರ ಹೆಸರುಗಳು ಅಚ್ಚಾಗಿರುತ್ತವೆ. ಮಧ್ಯಾಹ್ನ ಬಿಸಿಲಿಳಿಯುತ್ತಲೂ ಎಂಟು ಹತ್ತು ವರ್ಷದ ಹುಡುಗರ ಜೋಡಿಗಳಿಂದ ಪ್ರಾರಂಭವಾಗಿ, ಹಲಗೆಯ ಪೆಟ್ಟು ಏರುತ್ತ ಹೋದಂತೆ ಮಲ್ಲರ ಪ್ರಮಾಣವೂ ಏರುತ್ತ, ದೀಪ ಹಚ್ಚುವ ಹೊತ್ತಿಗೆ ಒಂದನೆಯ ನಂಬರಿನ ಜೋಡಿಯು ಕಣಕ್ಕಿಳಿಯುತ್ತದೆ. ಧ್ವನಿವರ್ಧಕದ ಮುಂದೆ ಕುಳಿತವನು ಒಂದೇ ಉಸಿರಿನಲ್ಲಿ ಅರ್ಧ ಕನ್ನಡದಲ್ಲಿಯೂ ಅರ್ಧ ಮರಾಠಿಯಲ್ಲಿಯೂ ವರ್ಣನೆ ಮಾಡುವುದನ್ನು ಕೇಳಿದವರಿಗೆ, ಈ ಸೀಮೆಯ ಭಾಷಾವಿವಾದಗಳು ಮೈದಾನದ ಹಗ್ಗದ ಹೊರಗೆ ನಿಲ್ಲತಕ್ಕವೆಂಬುದು ಅನುಭವಕ್ಕೆ ಬರುತ್ತದೆ.

ಕಣಕ್ಕಿಳಿದ ಮಲ್ಲನು ಬಾಗಿ ಮಣ್ಣನ್ನು ಮುಟ್ಟಿ ಹಣೆಗೊತ್ತಿಕೊಂಡು, ಒಂದು ಹಿಡಿಯನ್ನು ಎದುರಾಳಿಯ ತೋಳು ಹೆಗಲುಗಳಿಗೆ ಎರಚಿ ತಾನೂ ಎರಚಿಸಿಕೊಳ್ಳುತ್ತಾನೆ. ಬೆವರಿದ ಮೈಯ ಮೇಲೆ ಹಿಡಿತ ಕೂರುವುದಕ್ಕೆ ಇದು ಅವಶ್ಯ, ಜೊತೆಗೆ ಇಬ್ಬರೂ ಒಂದೇ ಮಣ್ಣಿನವರೆಂಬ ಮರ್ಯಾದೆಯೂ ಹೌದು. ಕೈಕೈ ತಾಕಿಸಿದ ಕೂಡಲೆ ಇಬ್ಬರೂ ಮೊಣಕಾಲು ಬಗ್ಗಿಸಿ, ಸೊಂಟ ತಗ್ಗಿಸಿ, ಹಣೆಗೆ ಹಣೆಯಿಟ್ಟು, ಒಬ್ಬರ ಕುತ್ತಿಗೆಯ ಹಿಂಬದಿಯನ್ನು ಮತ್ತೊಬ್ಬರು ಹಿಡಿದು ಒತ್ತತೊಡಗುತ್ತಾರೆ. ಕಾಣುವವರಿಗೆ ಏನೂ ನಡೆಯುತ್ತಿಲ್ಲವೆಂಬಂತೆ ತೋರುವ ಈ ನಿಮಿಷಗಳಲ್ಲಿಯೇ ಕುಸ್ತಿಯ ಅರ್ಧವು ತೀರ್ಮಾನವಾಗಿರುತ್ತದೆ, ಏಕೆಂದರೆ ಯಾರ ಉಸಿರು ಮೊದಲು ಮೇಲಕ್ಕೇರುತ್ತದೆ, ಯಾರ ಹಿಮ್ಮಡಿ ಮೊದಲು ನೆಲ ಬಿಡುತ್ತದೆ ಎಂಬುದನ್ನು ಇಬ್ಬರ ಮೈಗಳೂ ಇಲ್ಲಿಯೇ ಅರಿತುಕೊಳ್ಳುತ್ತವೆ. ಬಳಿಕ ಢಾಕ, ಏಕಲಂಗಿ, ಧೋಬಿಪಛಾಡ, ಕಲಾಜಂಗ್ ಮುಂತಾದ ಎಸೆತದ ಪಟ್ಟುಗಳು. ಎದುರಾಳಿಯನ್ನು ಕೆಳಗೆ ಹಾಕಿ ಬೆನ್ನಮೇಲೇರಿ ‘ಕಬ್ಜಾ’ ತೆಗೆದುಕೊಂಡಮೇಲೆ ಘಿಸ್ಸಾ, ಘುಟನಾ ಎಂಬ ನೆಲದ ಪಟ್ಟುಗಳು. ಎರಡು ಭುಜಗಳೂ ಒಮ್ಮೆಲೇ ಮಣ್ಣಿಗೆ ತಾಗಿದರೆ ‘ಚಿತ್’; ಅಲ್ಲಿಗೆ ಎಲ್ಲವೂ ಮುಗಿಯಿತು. ಅಂಕಗಳ ಲೆಕ್ಕ ಸಾಂಪ್ರದಾಯಿಕ ಮೈದಾನದಲ್ಲಿಲ್ಲ. ಗೆಲವು ಸೋಲು ತೀರುವ ತನಕ ನಡೆಸತಕ್ಕದ್ದು ‘ನಿಕಾಲಿ ಕುಸ್ತಿ’, ಗೊತ್ತಾದ ಹೊತ್ತಿನೊಳಗೆ ಯಾರೂ ಬೀಳದಿದ್ದರೆ ಪಂಚರು ‘ಬರೋಬರಿ’ಯೆಂದು ಬಿಡಿಸುತ್ತಾರೆ. ಬಿರುದಿನ ಕುಸ್ತಿಯು ಬರೋಬರಿಯಲ್ಲಿ ಕೊನೆಗೊಂಡಾಗ ಪ್ರೇಕ್ಷಕರ ಮುಖದಲ್ಲಿ ಕಾಣುವ ಅಸಮಾಧಾನವು ಎರಡು ಪಕ್ಷದವರಲ್ಲಿಯೂ ಸಮವಾಗಿರುತ್ತದೆ ಎಂಬುದೊಂದೇ ಸಮಾಧಾನ.

ಬೆಳಗಾವಿ ನಗರದ ಹಳೆಯ ಗಲ್ಲಿಗಳಲ್ಲಿ ತಾಲೀಮುಗಳಿಗೆ ಕೊರತೆಯಿರಲಿಲ್ಲ. ಶಹಾಪುರ ಭಾಗದ ಆನಂದವಾಡಿಯ ಅಖಾಡವು ದೊಡ್ಡ ಮೈದಾನಗಳಿಗೆ ಪ್ರಸಿದ್ಧಿ ಪಡೆದಿದೆ. ಆದರೂ ಬೆಳಗಾವಿಯು ಬ್ರಿಟಿಷರ ನೇರ ಆಳ್ವಿಕೆಗೆ ಒಳಪಟ್ಟ ಜಿಲ್ಲೆಯ ಕೇಂದ್ರವೂ ದಂಡಿನ ಠಾಣ್ಯವೂ ಆಗಿದ್ದಿತೇ ಹೊರತು ರಾಜಧಾನಿಯಾಗಿರಲಿಲ್ಲ. ಅದರ ಮಗ್ಗುಲಲ್ಲಿಯೇ ಇದ್ದ ಶಹಾಪುರವು ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಸುತ್ತಲೂ ಜಮಖಂಡಿ, ಮುಧೋಳ, ರಾಮದುರ್ಗಗಳೆಂಬ ಚಿಕ್ಕಪುಟ್ಟ ಸಂಸ್ಥಾನಗಳಿದ್ದವು. ಬಡಗಣ ದಿಕ್ಕಿನಲ್ಲಿ ಇವೆಲ್ಲವನ್ನೂ ಮೀರಿಸಿದ ಕೊಲ್ಲಾಪುರವಿತ್ತು. ಅಲ್ಲಿಯ ಛತ್ರಪತಿ ಶಾಹೂ ಮಹಾರಾಜರು ಸ್ವತಃ ಮಲ್ಲವಿದ್ಯೆಯನ್ನು ಬಲ್ಲವರಾಗಿದ್ದು, ರೋಮಿನ ಪ್ರಾಚೀನ ರಂಗಸ್ಥಳದ ಮಾದರಿಯಲ್ಲಿ ಖಾಸಬಾಗ ಮೈದಾನವನ್ನು ಕಟ್ಟಿಸಿ 1912ರಲ್ಲಿ ಪೂರ್ಣಗೊಳಿಸಿದರು. ನಡುವಣ ತಗ್ಗಿನ ಕಣವು ಸುತ್ತಲಿನ ಮೆಟ್ಟಿಲುಗಳಲ್ಲಿ ಕುಳಿತ ಸಾವಿರಾರು ಜನರಲ್ಲಿ ಪ್ರತಿಯೊಬ್ಬನಿಗೂ ಅಡೆತಡೆಯಿಲ್ಲದೆ ಕಾಣತಕ್ಕಂತೆ ಅದರ ರಚನೆಯಿದೆ. ದೂರದ ಪಂಜಾಬದಿಂದ ಮಲ್ಲರನ್ನು ಕರೆಸಿ, ಸಂಬಳ ಖುರಾಕುಗಳನ್ನು ಗೊತ್ತುಮಾಡಿ, ನಗರದ ಪೇಟೆಪೇಟೆಗಳಲ್ಲಿ ತಾಲೀಮುಗಳಿಗೆ ಆಶ್ರಯವಿತ್ತ ಈ ರಾಜಪೋಷಣೆಯ ಫಲವಾಗಿ, ಕೃಷ್ಣಾ, ದೂಧಗಂಗಾ, ಘಟಪ್ರಭಾ ತೀರಗಳ ಕನ್ನಡ ಹುಡುಗರಿಗೂ ಕೊಲ್ಲಾಪುರವೇ ಮಲ್ಲವಿದ್ಯೆಯ ಕಾಶಿಯಾಯಿತು.

ಎಕ್ಸಂಬೆಯಿಂದ ಬೆಳಗಾವಿಗಿಂತ ಕೊಲ್ಲಾಪುರವೇ ಹತ್ತಿರ. ಖಂಚನಾಳೆಯವರು ಹುಟ್ಟಿದಾಗ ಎಕ್ಸಂಬಾ ಮುಂಬಯಿ ಪ್ರಾಂತಕ್ಕೆ ಸೇರಿತ್ತು, ಕೊಲ್ಲಾಪುರ ದೇಶೀಯ ಸಂಸ್ಥಾನವಾಗಿತ್ತು. 1949ರಲ್ಲಿ ಆ ಸಂಸ್ಥಾನವು ಮುಂಬಯಿ ರಾಜ್ಯದಲ್ಲಿ ವಿಲೀನವಾದಾಗ ಊರೂ ತಾಲೀಮೂ ಒಂದೇ ರಾಜ್ಯದವಾದವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ, ಚಂದಗಡ ತಾಲ್ಲೂಕನ್ನು ಬಿಟ್ಟು ಉಳಿದ ಬೆಳಗಾವಿ ಜಿಲ್ಲೆಯೆಲ್ಲ ಮೈಸೂರು ರಾಜ್ಯಕ್ಕೆ ಬಂದಾಗ ಅವೆರಡೂ ಪುನಃ ಬೇರೆಯಾದವು. ಇಪ್ಪತ್ತೊಂದು ವರ್ಷದ ಮಲ್ಲನಿಗೆ ಈ ಗಡಿರೇಖೆಯಿಂದ ದಿನಚರಿಯಲ್ಲಿ ಯಾವ ವ್ಯತ್ಯಾಸವೂ ಆಗಿರಲಾರದು. ಶಾಹೂಪುರಿ ತಾಲೀಮಿನ ಮಣ್ಣನ್ನು ಅಗೆಯತಕ್ಕದ್ದು ಹಿಂದಿನಂತೆಯೇ ಇತ್ತು. ಆದರೆ ಬಿರುದುಗಳ ಲೆಕ್ಕವನ್ನಿಡುವವರಿಗೆ ಮಾತ್ರ ತೊಡಕಾಯಿತು: 1959ರಲ್ಲಿ ಕರಾಡದಲ್ಲಿ ಅನಂತ ಶಿರಗಾಂವಕರರನ್ನು ಗೆದ್ದು ‘ಮಹಾರಾಷ್ಟ್ರ ಕೇಸರಿ’ ಎನಿಸಿಕೊಂಡವನು ಹುಟ್ಟೂರಿನ ಲೆಕ್ಕದಲ್ಲಿ ಆಗಿನ ಮೈಸೂರು ರಾಜ್ಯದವನಾಗಿದ್ದನು, ಮತ್ತು ಮಹಾರಾಷ್ಟ್ರವೆಂಬ ರಾಜ್ಯವು ಆಗ ಇನ್ನೂ ಉದಯಿಸಿರಲಿಲ್ಲ.

ಅದೇ ವರ್ಷ ದಿಲ್ಲಿಯಲ್ಲಿ ನಡೆದ ಕುಸ್ತಿಯು ಇದಕ್ಕಿಂತ ಬಹಳ ದೊಡ್ಡದು. ‘ರುಸ್ತುಮ್’ ಎಂಬ ಹಳೆಯ ಬಿರುದಿನ ಪರಂಪರೆಯು ದೇಶವಿಭಜನೆಯೊಡನೆ ಛಿನ್ನಭಿನ್ನವಾಗಿತ್ತು. ಆ ಬಿರುದಿನ ಗಾಮಾ ಪೈಲ್ವಾನನೂ ಅವನ ವಂಶದವರೂ ಪಾಕಿಸ್ತಾನಕ್ಕೆ ಹೋಗಿಬಿಟ್ಟಿದ್ದರು. ಸ್ವತಂತ್ರ ಭಾರತದಲ್ಲಿ ಮಣ್ಣಿನ ಕುಸ್ತಿಗೆ ಸರ್ವಮಾನ್ಯವಾದ ಒಂದು ಬಿರುದು ಬೇಕೆಂಬ ಅಪೇಕ್ಷೆಯಿಂದ ಸ್ಥಾಪಿತವಾದದ್ದು ಹಿಂದ್ ಕೇಸರಿ. ಬಲಕ್ಕೂ ಗಾತ್ರಕ್ಕೂ ಹೆಸರಾದ ಪಂಜಾಬದ ಮಲ್ಲರೇ ಅದನ್ನು ಕೊಂಡೊಯ್ಯುವರೆಂದು ನಿರೀಕ್ಷಿಸುವುದು ಆ ಕಾಲಕ್ಕೆ ಸಹಜವಾಗಿತ್ತು. ಶಾಹೂ ಮಹಾರಾಜರು ಉತ್ತರದ ಪೈಲ್ವಾನರನ್ನು ಕರೆಸುತ್ತಿದ್ದುದೂ ದಕ್ಷಿಣದವರಿಗೆ ಅವರಿಂದ ಕಲಿಯತಕ್ಕದ್ದಿತ್ತೆಂಬ ಕಾರಣಕ್ಕಾಗಿಯೇ. ಬಂತಾಸಿಂಗರಂಥ ಎದುರಾಳಿಯನ್ನು ಅವರ ಸೀಮೆಗೆ ಸಮೀಪವಾದ ದಿಲ್ಲಿಯಲ್ಲಿಯೇ ಇಪ್ಪತ್ತನಾಲ್ಕು ವರ್ಷದ ಖಂಚನಾಳೆ ಸೋಲಿಸಿದಾಗ, ಕಲಿತ ಮನೆಯು ಕಲಿಸಿದ ಮನೆಯನ್ನು ಗೆದ್ದಂತಾಯಿತು. ಮರುವರ್ಷ, 1960ರಲ್ಲಿ, ಕೊಲ್ಲಾಪುರದಲ್ಲಿಯೇ ಬೆಳೆದ ಗಣಪತರಾವ್ ಆಂದಳಕರರು ಹಿಂದ್ ಕೇಸರಿಯಾದರು. ಅವರು 1962ರ ಜಕಾರ್ತಾ ಏಷ್ಯನ್ ಕ್ರೀಡೆಗಳಲ್ಲಿ ಪದಕಗಳನ್ನು ಗಳಿಸಿ, 1964ರ ಟೋಕಿಯೋ ಒಲಿಂಪಿಕ್ಸಿನಲ್ಲಿಯೂ ಭಾರತವನ್ನು ಪ್ರತಿನಿಧಿಸಿದರು. ಖಂಚನಾಳೆಯವರ ಕೀರ್ತಿಯಾದರೋ ಮಣ್ಣಿನ ಕಣಕ್ಕೇ ಸೀಮಿತವಾಯಿತು. ಅದನ್ನು ನ್ಯೂನತೆಯೆಂದು ಎಣಿಸುವವರಿದ್ದಾರೆ. ಮ್ಯಾಟಿನ ಕುಸ್ತಿಯ ಅಂಕಗಳಿಂದ ಮಣ್ಣಿನ ಮಲ್ಲನನ್ನು ಅಳೆಯುವುದು ನ್ಯಾಯವಲ್ಲವೆಂಬುದು ಈ ಲೇಖಕನ ಅಭಿಪ್ರಾಯ.

ಗೌರವವು ಯಾರಿಗೆ, ಯಾವಾಗ, ಯಾರ ಕೈಯಿಂದ ಸಲ್ಲುತ್ತದೆಂಬುದು ಈ ವಿದ್ಯೆಯಲ್ಲಿ ಎಷ್ಟು ಅನಿಶ್ಚಿತವೆಂಬುದಕ್ಕೆ ನೆರೆಯ ಕರಾಡದ ಬಳಿಯ ಗೋಳೇಶ್ವರದ ಖಾಶಾಬಾ ದಾದಾಸಾಹೇಬ ಜಾಧವರೇ ಸಾಕ್ಷಿ. ಕೊಲ್ಲಾಪುರದ ರಾಜಾರಾಮ ಕಾಲೇಜಿನ ವಿದ್ಯಾರ್ಥಿಯಾಗಿದ್ದು, 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಆರನೆಯ ಸ್ಥಾನ ಪಡೆದ ಜಾಧವರು, 1952ರಲ್ಲಿ ಹೆಲ್ಸಿಂಕಿಗೆ ಹೋಗುವಾಗ ದಾರಿಯ ಖರ್ಚಿಗೂ ಪರದಾಡಬೇಕಾಯಿತು. ಅವರ ಕಾಲೇಜಿನ ಪ್ರಾಂಶುಪಾಲರು ತಮ್ಮ ಮನೆಯನ್ನು 7,000 ರೂಪಾಯಿಗಳಿಗೆ ಒತ್ತೆಯಿಟ್ಟು ಹಣವೊದಗಿಸಿದರು. ಅಲ್ಲಿ ಬ್ಯಾಂಟಮ್ ತೂಕದ ಫ್ರೀಸ್ಟೈಲ್ ಕುಸ್ತಿಯಲ್ಲಿ ಅವರು ಗಳಿಸಿದ ಕಂಚು ಸ್ವತಂತ್ರ ಭಾರತದ ಮೊತ್ತಮೊದಲ ವೈಯಕ್ತಿಕ ಒಲಿಂಪಿಕ್ ಪದಕ. ಆದರೂ 1984ರಲ್ಲಿ ಅಪಘಾತದಲ್ಲಿ ತೀರಿಕೊಳ್ಳುವ ತನಕ ಕೇಂದ್ರ ಸರಕಾರದ ಯಾವ ದೊಡ್ಡ ಪ್ರಶಸ್ತಿಯೂ ಅವರನ್ನು ಅರಸಿ ಬರಲಿಲ್ಲ. ಅರ್ಜುನ ಪ್ರಶಸ್ತಿ ಮರಣಾನಂತರ ಬಂದಿತು, 2010ರ ಕಾಮನ್‌ವೆಲ್ತ್ ಕ್ರೀಡೆಗಳ ವೇಳೆಗೆ ದಿಲ್ಲಿಯ ಕುಸ್ತಿ ಕ್ರೀಡಾಂಗಣಕ್ಕೆ ಅವರ ಹೆಸರನ್ನಿಡಲಾಯಿತು. ಇದಕ್ಕೂ ಹಿಂದೆ, 1920ರ ಆಂಟ್‌ವರ್ಪ್ ಒಲಿಂಪಿಕ್ಸಿಗೆ ದೊರಾಬ್ಜಿ ಟಾಟಾ ಅವರ ಪ್ರಯತ್ನದಿಂದ ತೆರಳಿದ ಆರು ಮಂದಿ ಭಾರತೀಯ ಕ್ರೀಡಾಳುಗಳಲ್ಲಿ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆಯವರೂ ಇದ್ದರು. ಮಳೆ ಚಳಿಗಳ ನಡುವೆ ನಡೆದ ಆ ಮ್ಯಾರಥಾನ್ ಓಟದ ದೂರವು ಒಲಿಂಪಿಕ್ ಇತಿಹಾಸದಲ್ಲಿಯೇ ಅತ್ಯಂತ ದೀರ್ಘವಾದ 42.75 ಕಿಲೋಮೀಟರ್, ಅದನ್ನು ಚೌಗುಲೆಯವರು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಮುಗಿಸಿ ಹತ್ತೊಂಬತ್ತನೆಯವರಾದರು. ಅದೇ ತಂಡದಲ್ಲಿದ್ದ ಮಲ್ಲ ರಣಧೀರ ಶಿಂದೆಯವರು ಫೆದರ್ ತೂಕದಲ್ಲಿ ನಾಲ್ಕನೆಯ ಸ್ಥಾನಕ್ಕೇರಿ ಪದಕವನ್ನು ಸ್ವಲ್ಪದರಲ್ಲಿ ಕಳೆದುಕೊಂಡರು. ಬೆಳಗಾವಿಯ ಇಂದಿನ ಎಳೆಯರಲ್ಲಿ ಚೌಗುಲೆಯವರ ಹೆಸರನ್ನು ಬಲ್ಲವರು ಎಷ್ಟು ಮಂದಿಯೋ.

ಪರದೇಶಗಳಲ್ಲಿ ಗೌರವ ಸಲ್ಲಿಸುವ ಈ ವಿಷಯವನ್ನು ಬೇರೊಂದು ಬಗೆಯಾಗಿ ನಿರ್ವಹಿಸಿದ್ದಾರೆ. ಅಮೆರಿಕದ ಕಾಲೇಜುಗಳಲ್ಲಿ ಆಡುವ, ನಮ್ಮ ಕಾಲ್ಚೆಂಡಿಗೆ ಹೆಸರಿನ ಹೊರತು ಮತ್ತಾವ ಸಂಬಂಧವೂ ಇಲ್ಲದ ಫುಟ್‌ಬಾಲ್ ಆಟದಲ್ಲಿ, ಚೆಂಡನ್ನು ಹೊತ್ತೊಯ್ಯುವವನಿಗೂ ಎಸೆಯುವವನಿಗೂ ರಕ್ಷಣೆಯಾಗಿ ಐದು ಮಂದಿ ಸ್ಥೂಲಕಾಯರು ಸಾಲಾಗಿ ನಿಂತು, ಸೊಂಟ ತಗ್ಗಿಸಿ, ಎದುರಾಳಿಯ ಎದೆಗೆ ಕೈಯೊಡ್ಡಿ ತಡೆಯುತ್ತಾರೆ. ಗೋಲು ಹೊಡೆಯುವುದಾಗಲಿ ಚೆಂಡು ಹಿಡಿದು ಓಡುವುದಾಗಲಿ ಇವರ ಕೆಲಸವಲ್ಲವಾದ್ದರಿಂದ, ಅಂಕಿ ಅಂಶಗಳ ಪುಸ್ತಕದಲ್ಲಿ ಇವರ ಸಾಲು ಬಹುತೇಕ ಖಾಲಿ. ಹಾಗಿದ್ದರೂ 1951ರಲ್ಲಿ ತನ್ನ ಮೊದಲ ಸದಸ್ಯರನ್ನು ಆರಿಸಿ, 2014ರಿಂದ ಅಟ್ಲಾಂಟಾ ನಗರದಲ್ಲಿ ನೆಲೆಸಿರುವ ಕಾಲೇಜು ಫುಟ್‌ಬಾಲ್ ಕೀರ್ತಿಮಂದಿರದಲ್ಲಿ ಇವರಿಗೂ ಸ್ಥಾನವಿದೆ. ನೆಬ್ರಾಸ್ಕಾ ವಿಶ್ವವಿದ್ಯಾನಿಲಯದ ಡೇವ್ ರಿಮಿಂಗ್ಟನ್ ಎಂಬ ನಡುಸಾಲಿನ ಆಟಗಾರನು ಒಳಸಾಲಿನವರಿಗೆ ಕೊಡುವ ಔಟ್‌ಲೆಂಡ್ ಟ್ರೋಫಿಯನ್ನು 1981, 1982ರಲ್ಲಿ ಎರಡು ಬಾರಿ ಗೆದ್ದು, 1997ರಲ್ಲಿ ಕೀರ್ತಿಮಂದಿರವನ್ನು ಸೇರಿದನು. 2000ದಿಂದ ಅವನ ಹೆಸರಿನಲ್ಲಿಯೇ ಆ ಸ್ಥಾನದ ಆಟಗಾರರಿಗೆ ಪ್ರತ್ಯೇಕ ಪ್ರಶಸ್ತಿ ನಡೆಯುತ್ತಿದೆ. ಈ ಕೆಲಸವು ಮೂಲತಃ ಮಲ್ಲನದೇ ಎಂಬುದಕ್ಕೆ ಸ್ಟೀಫನ್ ನೀಲ್ ಉದಾಹರಣೆ: ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್ ಕಾಲೇಜಿನಲ್ಲಿ ಕುಸ್ತಿಯನ್ನಷ್ಟೇ ಆಡಿ, 1999ರಲ್ಲಿ ಫ್ರೀಸ್ಟೈಲ್ ವಿಶ್ವಚಾಂಪಿಯನ್ ಆದ ಈ ಭಾರೀ ಮಲ್ಲನು, ಕಾಲೇಜಿನಲ್ಲಿ ಒಂದು ದಿನವೂ ಫುಟ್‌ಬಾಲ್ ಆಡದಿದ್ದರೂ ತರುವಾಯ ವೃತ್ತಿಪರ ಫುಟ್‌ಬಾಲಿನ ನ್ಯೂ ಇಂಗ್ಲೆಂಡ್ ತಂಡದ ರಕ್ಷಣಾಸಾಲನ್ನು ಸೇರಿ, ಆ ತಂಡವು ಸೂಪರ್ ಬೌಲ್ ಎಂಬ ಅಂತಿಮ ಪಂದ್ಯವನ್ನು ಮೂರು ಬಾರಿ ಗೆದ್ದಾಗ ಅದರ ಸದಸ್ಯನಾಗಿದ್ದನು. ಆ ಕೀರ್ತಿಮಂದಿರಕ್ಕೆ ಕಾಲೇಜಿನ ಆಟ ಮುಗಿದು ಹತ್ತು ವರ್ಷ ಕಳೆದ ಮೇಲೆ, ಮತಗಳ ಎಣಿಕೆಯಿಂದ ಪ್ರವೇಶ. ನಮ್ಮಲ್ಲಿ ಕೇಸರಿಯಾಗುವುದು ಮೈಯಲ್ಲಿ ಕಸುವಿರುವಾಗಲೇ, ಎದುರಾಳಿಯ ಭುಜವನ್ನು ಮಣ್ಣಿಗೊತ್ತಿ. ನಮ್ಮ ಪದ್ಧತಿಯು ಹೆಚ್ಚು ನೇರವಾದದ್ದು ನಿಜ. ಆದರೆ ಗೆದ್ದವನನ್ನು ಮಾತ್ರ ಕಾಣಬಲ್ಲ ಈ ನೇರವಾದ ಕಣ್ಣಿಗೆ ಜೋಡಿದಾರನಾಗಲಿ, ವಸ್ತಾದನಾಗಲಿ, ಮನೆಯನ್ನು ಒತ್ತೆಯಿಟ್ಟ ಪ್ರಾಂಶುಪಾಲರಾಗಲಿ ಕಾಣುವುದಿಲ್ಲ. ಆ ಒಂದು ಅಂಶದಲ್ಲಿ ಸಾಲಿನ ನಡುವೆ ನಿಂತು ಭಾರ ತಡೆದವನಿಗೂ ಮಣೆ ಹಾಕಿದ ಅಮೆರಿಕದವರ ಕ್ರಮವು ಅನುಕರಣೀಯ.

ಸಂಸ್ಥಾನಗಳು ಅಳಿದ ಮೇಲೆ ಪೋಷಣೆಯ ಭಾರವು ಟಿಕೇಟು ಕೊಳ್ಳುವ ಪ್ರೇಕ್ಷಕರಿಗೆ, ಜಾತ್ರಾ ಸಮಿತಿಗಳಿಗೆ, ಸಹಕಾರಿ ಸಕ್ಕರೆ ಕಾರ್ಖಾನೆಗಳಿಗೆ, ಕೊನೆಗೆ ಸರಕಾರಕ್ಕೆ ಹಂಚಿಹೋಯಿತು. ಕರ್ನಾಟಕ ಸರಕಾರವು ಮಾಜಿ ಪೈಲ್ವಾನರಿಗೆ ಅವರ ಸಾಧನೆಯ ಮಟ್ಟಕ್ಕನುಸಾರವಾಗಿ ಮಾಸಾಶನವನ್ನು ಕೊಡುತ್ತ ಬಂದಿದೆ. ಮೊತ್ತವು ಅಲ್ಪವೆಂಬ ದೂರು ಪ್ರತಿ ಸಭೆಯಲ್ಲಿಯೂ ಕೇಳಿಬರುತ್ತದೆ; ಮುಪ್ಪಿನಲ್ಲಿ ಮೊಣಕಾಲು ಸವೆದು, ಹೊಲದ ಕೆಲಸಕ್ಕೂ ಒದಗದ ಮಲ್ಲನಿಗೆ ಅದೂ ಒಂದು ಆಸರೆಯೆಂಬುದು ಅಷ್ಟೇ ಸತ್ಯ. ಮೈದಾನದಲ್ಲಿ ಗೆದ್ದವನು ಗದೆಯನ್ನು ಹೆಗಲಿಗೇರಿಸಿಕೊಂಡು ಹಗ್ಗದ ಉದ್ದಕ್ಕೂ ಒಂದು ಸುತ್ತು ಬರುವಾಗ, ಪ್ರೇಕ್ಷಕರು ಕೈ ಚಾಚಿ ನೋಟುಗಳನ್ನು ಕೊಡುವ ಪದ್ಧತಿ ಇಂದಿಗೂ ಉಂಟು. ಹತ್ತರ ನೋಟು ಕೊಟ್ಟವನೂ ಅವನ ತೋಳನ್ನೊಮ್ಮೆ ಮುಟ್ಟಿಯೇ ಬಿಡುತ್ತಾನೆ.

ಮ್ಯಾಟಿನ ಮೇಲಣ ಕುಸ್ತಿಯು ಒಲಿಂಪಿಕ್ ಪದಕಕ್ಕೂ ಸರಕಾರಿ ನೌಕರಿಗೂ ದಾರಿಯಾದಂದಿನಿಂದ ಮಣ್ಣಿನ ತಾಲೀಮುಗಳಲ್ಲಿ ಹುಡುಗರ ಸಂಖ್ಯೆ ತಗ್ಗಿದೆ; ಎರಡನ್ನೂ ಅಭ್ಯಾಸ ಮಾಡುವವರು ವಾರದ ದಿನಗಳಲ್ಲಿ ಮ್ಯಾಟನ್ನೂ ಜಾತ್ರೆಯ ಕಾಲದಲ್ಲಿ ಮಣ್ಣನ್ನೂ ತುಳಿಯುತ್ತಾರೆ. ಹಿಂದೆ ಹೆಂಗಸರು ಗರಡಿಯ ಹೊಸಿಲನ್ನು ತುಳಿಯಕೂಡದೆಂಬ ಕಟ್ಟುನಿಟ್ಟಿತ್ತು. ಆದರೆ ಬೆಳಗಾವಿಯ ಸಮೀಪದ ತುರಮುರಿ ಗ್ರಾಮದ ಮಲಪ್ರಭಾ ಜಾಧವ ಎಂಬ ಯುವತಿಯು 2018ರ ಜಕಾರ್ತಾ ಏಷ್ಯನ್ ಕ್ರೀಡೆಗಳಲ್ಲಿ 52 ಕಿಲೋಗ್ರಾಂ ವಿಭಾಗದ ಕುರಾಷ್ ಸ್ಪರ್ಧೆಯಲ್ಲಿ ಕಂಚಿನ ಪದಕವನ್ನು ಗಳಿಸಿದಳು. ಕುರಾಷ್ ಎಂಬುದು ಉಜ್ಬೇಕಿಸ್ತಾನದ ಪ್ರಾಚೀನ ಮಲ್ಲಯುದ್ಧ. ಅಂಗಿಯನ್ನೂ ನಡುಪಟ್ಟಿಯನ್ನೂ ಹಿಡಿದು ನಿಂತೇ ಸೆಣಸತಕ್ಕದ್ದು, ನೆಲಕ್ಕೆ ಬಿದ್ದ ಮೇಲೆ ಹೊರಳಾಟಕ್ಕೆ ಅವಕಾಶವಿಲ್ಲ. ಎದುರಾಳಿಯನ್ನು ಬೆನ್ನು ಪೂರ್ತಿಯಾಗಿ ನೆಲಕ್ಕೆ ತಾಗುವಂತೆ ಎಸೆದರೆ ಉಳಿದ ಅಂಕಗಳನ್ನು ನೋಡದೆ ಆ ಕ್ಷಣವೇ ಜಯವನ್ನು ಸಾರುತ್ತಾರೆ.